ಕಾಶಿಗೆ ಹೋಗದ ತುಂಗಾಬಾಯಿ

ಎಂಬತ್ತು ದಾಟಿದ ಈ ದೇಹವನ್ನು ಕಡಲಾಚೆಗೆ ಒಯ್ದು, ಬಹುಕಾಲ ಗಂಟಲಲ್ಲೇ ನಿಂತಿದ್ದ ಒಂದು ಮಾತನ್ನು ಅಲ್ಲಿ ನುಡಿಸಿ, ಮತ್ತೆ ಮಲಪ್ರಭೆಯ ದಂಡೆಗೆ ತಂದು ಬಿಟ್ಟ ಶ್ರೀಹರಿಗೆ ಮೊದಲ ನಮಸ್ಕಾರ. ಅಕ್ಷರ ತಿದ್ದಿಸಿದ ಗುರುಗಳಿಗೆ ಎರಡನೆಯದು. ಅವರು ಕಲಿಸಿದ ದಾರಿಯನ್ನು ನಾನು ಬಿಟ್ಟು ನಡೆದ ಕಡೆ ಅವರ ಹೊಣೆ ಏನೂ ಇಲ್ಲ. ಕುವೈತಿಗೆ ನನ್ನನ್ನು ಕರೆಸಿಕೊಂಡವರಿಗೆ, ನಾನು ಉಣ್ಣದ ಪದಾರ್ಥಗಳ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡು ಅನ್ನವಿಕ್ಕಿದವರಿಗೆ, ನನ್ನ ನಿಧಾನದ ನಡಿಗೆಗೆ ತಮ್ಮ ಅವಸರವನ್ನು ತಗ್ಗಿಸಿಕೊಂಡವರಿಗೆ ನಾನು ಕೃತಜ್ಞ. ಇಷ್ಟನ್ನು ಹೇಳದೆ ಪ್ರಯಾಣದ ಒಂದು ಸಂಗತಿಯನ್ನೂ ಹೇಳಲು ನನಗೆ ಅಧಿಕಾರವಿಲ್ಲ.

ವಿಮಾನದಲ್ಲಿ

ಕುವೈತಿನಲ್ಲಿರುವ ಕನ್ನಡ ಹೆಣ್ಣುಮಕ್ಕಳು ಒಂದು ಬಳಗ ಕಟ್ಟಿಕೊಂಡಿದ್ದಾರೆ. ಅದರ ಮುಖ್ಯಸ್ಥೆ ವಿಜಯಾಬಾಯಿ ಎಂಬುವವರು ಪತ್ರ ಬರೆದು, ‘ನಿಮ್ಮೂರಿನ ತುಂಗಾಬಾಯಿಯವರ ಚರಿತ್ರೆಯನ್ನು ತಾವು ಬಂದು ನಮಗೆ ಹೇಳಬೇಕು’ ಎಂದು ಕೇಳಿದ್ದರು. ತುಂಗಾಬಾಯಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಮ್ಮೂರಿನಲ್ಲಿ ಸ್ತ್ರೀಸಮಾಜವನ್ನು ಸ್ಥಾಪಿಸಿದ ಬಾಲವಿಧವೆ. ಅವರ ಜೀವನವನ್ನು ಪುಸ್ತಕವಾಗಿ ಬರೆದವನು ನಾನು. ನಲವತ್ತು ವರ್ಷಗಳಿಂದ ಅದು ನಮ್ಮೂರ ಹೆಣ್ಣುಮಕ್ಕಳ ಶಾಲೆಯಲ್ಲಿ ಬಹುಮಾನದ ಪುಸ್ತಕವಾಗಿದೆ.

ಮೋಡಗಳ ಮೇಲೆ ಕುಳಿತು ಆ ಪುಸ್ತಕವನ್ನು ತೆರೆದೆ. ವಿಠ್ಠಲನ ಗುಡಿಯ ಹಿಂದಿನ ಮಂಟಪದಲ್ಲಿ ಶುಕ್ರವಾರದ ಅರಿಶಿನ ಕುಂಕುಮದ ನೆಪದಲ್ಲಿ ಹೆಂಗಸರು ಕೂಡುತ್ತಿದ್ದುದು, ಕುಂಕುಮ ಪಡೆಯುವ ಅಧಿಕಾರವಿಲ್ಲದ ತುಂಗಾಬಾಯಿ ಅವರಿಗೆ ಓದು ಕಲಿಸುತ್ತಿದ್ದುದು, ಹೊಳೆಗೆ ಹೋಗುವ ಓಣಿಯಲ್ಲಿ ನಸುಕಿನ ಕತ್ತಲಲ್ಲಿ ಬಿದ್ದು ಬಸುರಿಯೊಬ್ಬಳು ತೀರಿಕೊಂಡಾಗ ಆ ಓಣಿಗೆ ದೀಪ ಬೇಕೆಂದು ಮುನಿಸಿಪಾಲಿಟಿಗೆ ಅರ್ಜಿ ಬರೆದುದು, ಏಳು ಅರ್ಜಿಗಳ ಬಳಿಕ ದೀಪದ ಕಂಬ ಬಂದುದು — ಇವೆಲ್ಲ ನಿಜ, ಚೆನ್ನಾಗಿಯೇ ಬರೆದಿದ್ದೇನೆ. ಆಮೇಲೆ ಆ ವಾಕ್ಯ ಬಂತು. ‘ತುಂಗಾಬಾಯಿಯವರು ವೈರಾಗ್ಯ ತಳೆದು ಕಾಶಿಗೆ ತೆರಳಿ ಅಲ್ಲಿಯೇ ವಿಶ್ವನಾಥನ ಪಾದ ಸೇರಿದರು.’ ಮುಂದಿನ ಅಧ್ಯಾಯದಿಂದ ಸಮಾಜದ ಆಡಳಿತ ಸತ್ಯಭಾಮಾಬಾಯಿ ಎಂಬ ಬೇರೊಬ್ಬ ಮಹಿಳೆಯ ಕೈಗೆ ಬರುತ್ತದೆ. ಶಾಲೆ, ಹೆರಿಗೆಯ ಕೋಣೆ ಎಲ್ಲ ಆಕೆಯ ಕಾಲದವು.

ತುಂಗಾಬಾಯಿ ಕಾಶಿಗೆ ಹೋಗಲಿಲ್ಲ. ಪುಣೆಗೆ ಹೋಗಿ, ಹೆಂಡತಿಯನ್ನು ಕಳೆದುಕೊಂಡಿದ್ದ ಒಬ್ಬ ಶಾಲಾ ಮಾಸ್ತರರನ್ನು ಮದುವೆಯಾದರು. ನಮ್ಮ ಕಡೆಯ ಪದ್ಧತಿಯಂತೆ ಗಂಡ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದ. ಎರಡು ವರ್ಷ ಕಳೆದು ಅದೇ ಊರಿಗೆ ಸತ್ಯಭಾಮಾಬಾಯಿಯಾಗಿ ಮರಳಿ ಬಂದು, ಅರ್ಧ ಊರು ಮುಖ ತಿರುಗಿಸಿದರೂ ಅದೇ ಮಂಟಪದಲ್ಲಿ ಕುಳಿತು ಸಮಾಜವನ್ನು ಮೂವತ್ತು ವರ್ಷ ನಡೆಸಿದರು. ಹಳೆಯ ಹೆಸರನ್ನು ಊರು ಆಡದೆ ಆಡದೆ ಮರೆಯಿತು.

ಇದು ಬರೆಯುವಾಗಲೇ ನನಗೆ ಗೊತ್ತಿತ್ತೇ ಎಂದು ಓದುಗರು ಕೇಳಬಹುದು. ಗೊತ್ತಿತ್ತು. ಓಲೆಗರಿಗಳನ್ನು ಪರಿಶೋಧಿಸುತ್ತ ಬಾಳಿದವನು ನಾನು. ಒಂದೇ ಕೈ ಬರೆದ ಎರಡು ವಹಿಗಳನ್ನು ಬೇರೆಂದು ತಿಳಿಯುವಷ್ಟು ಕುರುಡನಾಗಿರಲಿಲ್ಲ. ಸಮಾಜದ ತುಂಗಾಬಾಯಿಯ ಕಾಲದ ವಹಿಯಲ್ಲೂ ಸತ್ಯಭಾಮಾಬಾಯಿಯ ಕಾಲದ ವಹಿಯಲ್ಲೂ ಪ್ರತಿ ಪುಟದ ನೆತ್ತಿಯ ಮೇಲೆ ‘ಶ್ರೀ’ಕಾರದ ಜಾಗದಲ್ಲಿ ನಾಲ್ಕು ಚುಕ್ಕಿ, ಅವನ್ನು ಸುತ್ತಿ ಬರುವ ಒಂದೇ ಎಳೆಯ ಪುಟ್ಟ ರಂಗೋಲಿ ಇತ್ತು. ಎಳೆ ಕೊನೆಯಲ್ಲಿ ಕೂಡುವುದಿಲ್ಲ, ಸ್ವಲ್ಪ ಬಿಟ್ಟಿರುತ್ತದೆ. ನಾನದನ್ನು ಕಂಡಿದ್ದೆ. ಕಂಡು ವಹಿಯನ್ನು ಮುಚ್ಚಿದ್ದೆ.

ಇಳಿಯುವ ಹೊತ್ತಿಗೆ, ದೂರದ ಊರಿನಲ್ಲಿ ಈ ವಿಚಾರ ಎತ್ತುವುದೇಕೆ, ಪುಸ್ತಕದಲ್ಲಿರುವಂತೆಯೇ ಹೇಳಿಬಿಡೋಣ ಎಂದು ನಿಶ್ಚಯಿಸಿದೆ.

ದಿಕ್ಕು

ತಪಾಸಣೆಯ ಅಧಿಕಾರಿ ನನ್ನ ಗೋಪೀಚಂದನದ ಗಟ್ಟಿಯನ್ನು ಮೂಸಿ ನೋಡಿದ, ಉಗುರಿನಿಂದ ಕೆರೆದ, ಮತ್ತೊಬ್ಬನನ್ನು ಕರೆದ. ನನಗೆ ಅವರ ಭಾಷೆ ಬಾರದು. ಹಣೆಯ ನಾಮವನ್ನು ತೋರಿಸಿದೆ. ಆತ ನಕ್ಕು ಗಟ್ಟಿಯನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿದ. ನಮ್ಮ ಕಡೆಯ ಕಚೇರಿಗಳಲ್ಲಿ ಇಷ್ಟು ಮರ್ಯಾದೆಯಿಂದ ಒಂದು ವಸ್ತುವನ್ನು ಹಿಂದಕ್ಕೆ ಪಡೆದ ನೆನಪು ನನಗಿಲ್ಲ.

ಹೊರಗೆ ಇಸ್ಮಾಯಿಲ್ ಎಂಬುವರು ಕಾಯುತ್ತಿದ್ದರು. ದಕ್ಷಿಣ ಕನ್ನಡದ ಬ್ಯಾರಿ ಮುಸ್ಲಿಂ. ಮಿರ್ಕಾಬ್ ಪೇಟೆಯಲ್ಲಿ ಕಾಗದ, ಪೆನ್ನುಗಳ ಅಂಗಡಿ ನೋಡಿಕೊಳ್ಳುತ್ತಾರೆ. ಅವರ ಹೆಂಡತಿ ಝುಬೈದಾ ಬಳಗದ ಸದಸ್ಯೆ.

“ಭಟ್ರೇ, ಬಿಸಿಲು ಜೋರುಂಟು. ಮಾತು ಕಾರಿನೊಳಗೆ ಆಡುವ,” ಎಂದು ನನ್ನ ಚೀಲವನ್ನು ಕಸಿದುಕೊಂಡರು. ನಾನು ಭಟ್ಟನಲ್ಲ, ಆಚಾರ್ಯ ಎಂದು ಎರಡು ಬಾರಿ ತಿಳಿಸಿದೆ. ಅವರು ಎರಡು ಬಾರಿಯೂ, “ಆಯ್ತು ಭಟ್ರೇ,” ಎಂದರು.

ಸಾಲ್ಮಿಯಾದ ಒಂದು ಎತ್ತರದ ಕಟ್ಟಡದಲ್ಲಿ ವಿಜಯಾಬಾಯಿಯವರ ಮನೆ. ಆಕೆ ಐವತ್ತು ದಾಟಿದ ಮಿತಭಾಷಿ. ಪತಿ ಪ್ರಹ್ಲಾದರಾಯರು ಕಡಲಿನ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಎಂಜಿನಿಯರು. ಹದಿನಾರರ ಮಗಳು ಮೈತ್ರೇಯಿ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ.

ಸಂಧ್ಯಾವಂದನೆಗೆ ಪೂರ್ವ ಎಲ್ಲಿ ಎಂದು ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರಿನ ಕಟ್ಟಡ ಸೂರ್ಯನನ್ನು ಮರೆಮಾಡಿತ್ತು. ಇಸ್ಮಾಯಿಲ್ ತಮ್ಮ ಮೊಬೈಲನ್ನು ಅಂಗೈಯಲ್ಲಿ ಮಲಗಿಸಿ ತಿರುಗಿಸಿದರು. “ನಮ್ಮ ನಮಾಜು ಆ ಮೂಲೆಗೆ. ಹಾಗಾದ್ರೆ ನಿಮ್ಮದು ಇಲ್ಲಿ, ಫ್ರಿಡ್ಜಿನ ಕಡೆಗೆ. ಒಂದೇ ಮೊಬೈಲ್ ಸಾಕು ನೋಡಿ ಇಬ್ಬರಿಗೂ.”

ಫ್ರಿಡ್ಜಿಗೆ ಅಭಿಮುಖನಾಗಿ ಕುಳಿತೆ. ಸಂಕಲ್ಪದಲ್ಲಿ ಯಾವ ನದಿಯ ತೀರದಲ್ಲಿದ್ದೇನೆಂದು ಹೇಳಬೇಕಾದಲ್ಲಿ ನಾಲಿಗೆ ನಿಂತಿತು. ಆ ದೇಶದಲ್ಲಿ ನದಿಯಿಲ್ಲ. ಪ್ರಹ್ಲಾದರಾಯರು ಬಾಗಿಲಲ್ಲಿ ನಿಂತು ಮೆಲ್ಲಗೆ, “ಇಲ್ಲೆ ನೀರು ನಾವ ಮಾಡ್ತೀವ್ರಿ ಆಚಾರ್ರ, ನದಿ ಮಾಡಾಕ ಬರಂಗಿಲ್ಲ,” ಎಂದರು. ನಾನು ಸಮುದ್ರತೀರವೆಂದು ಹೇಳಿ ಮುಂದುವರಿಸಿದೆ. ಸಮುದ್ರವನ್ನು ದಾಟಿದವನಿಗೆ ಪ್ರಾಯಶ್ಚಿತ್ತ ಹೇಳಿದ ಹಿರಿಯರ ವಂಶದಲ್ಲಿ ಹುಟ್ಟಿದವನು ನಾನು. ವಿಮಾನವು ನೀರನ್ನು ಮುಟ್ಟುವುದಿಲ್ಲವೆಂಬ ಒಂದೇ ತರ್ಕದಿಂದ ಟಿಕೇಟು ಬಂದ ದಿನವೇ ನನ್ನನ್ನು ನಾನು ಕ್ಷಮಿಸಿಕೊಂಡಿದ್ದೆ. ಅದನ್ನು ಆಗ ಯೋಚಿಸಲಿಲ್ಲ. ಎರಡು ದಿನದ ಮೇಲೆ ಯೋಚಿಸಿದೆ.

ಶುವೈಖಿನ ಗ್ಯಾರೇಜು

ಬುಧವಾರ ವಿಜಯಾಬಾಯಿ ನನಗೆ ಊರು ತೋರಿಸಲು ತಾವೇ ಕಾರು ನಡೆಸಿಕೊಂಡು ಹೊರಟರು. ಜಹ್ರಾದ ಕಡೆಗೆ ಹೋಗುವ ಹೆದ್ದಾರಿಯನ್ನು ಹಿಡಿಯುವ ಮೊದಲೇ ಕಾರಿನ ತಂಪುಗಾಳಿ ನಿಂತು ಬಿಸಿಗಾಳಿ ಬರತೊಡಗಿತು. ಹತ್ತು ನಿಮಿಷದಲ್ಲಿ ನನ್ನ ಶಲ್ಯ ಒದ್ದೆಯಾಯಿತು. ಆಕೆ ಕಾರನ್ನು ಶುವೈಖಿನ ಗ್ಯಾರೇಜೊಂದಕ್ಕೆ ತಿರುಗಿಸಿದರು. ಅಲ್ಲಿ ಓಣಿ ಓಣಿಯೂ ಗ್ಯಾರೇಜು. ಕಾರುಗಳು ಎದೆ ತೆರೆದುಕೊಂಡು ನಿಂತಿದ್ದವು. ನಮ್ಮಿಬ್ಬರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಫ್ಯಾನನ್ನು ನನ್ನತ್ತ ತಿರುಗಿಸಿ, ಮೆಕ್ಯಾನಿಕ್ಕು ಕಾರಿನ ಕೆಳಗೆ ಮರೆಯಾದ.

ಕಾಯುವ ಹೊತ್ತಿನಲ್ಲಿ ವಿಜಯಾಬಾಯಿ ಚೀಲದಿಂದ ಬಳಗದ ವಹಿಯನ್ನು ತೆಗೆದರು. ಶುಕ್ರವಾರದ ಸಭೆಗೆ ಪುಟ ಸಿದ್ಧಪಡಿಸಬೇಕಿತ್ತು. ಅಲ್ಲಿಯೂ ಸಭೆ ಶುಕ್ರವಾರವೇ. ಅಂದು ಅಲ್ಲಿ ವಾರದ ರಜೆ. ಆಕೆ ಹೊಸ ಪುಟ ತೆರೆದು ನೆತ್ತಿಯ ಮೇಲೆ ನಾಲ್ಕು ಚುಕ್ಕಿ ಇಟ್ಟರು. ಅವನ್ನು ಸುತ್ತಿ ಒಂದು ಎಳೆ ಎಳೆದರು. ಎಳೆ ಕೊನೆಯಲ್ಲಿ ಕೂಡಲಿಲ್ಲ.

ಕುರ್ಚಿಯನ್ನು ಅವರತ್ತ ಎಳೆದುಕೊಂಡೆ. “ತಾಯಿ, ಇದನ್ನು ಯಾರು ಕಲಿಸಿದರು?” ಎಂದೆ.

“ನಮ್ಮಪ್ಪ. ಹಾಳಿ ಮ್ಯಾಲ ಮೊದಲ ಇದನ್ನ ಇಟ್ಟು ಆಮ್ಯಾಲ ಬರೀಬೇಕು ಅಂತಿದ್ರು. ಅವರಿಗೆ ಅವರ ಅಜ್ಜಿ ಕಲಿಸಿದ್ದು. ಆ ಅಜ್ಜಿಗೆ ಆಕಿ ತಾಯಿ.” ಪೆನ್ನಿನ ಮುಚ್ಚಳ ಹಾಕಿ ನನ್ನ ಕಡೆಗೆ ತಿರುಗಿದರು. “ನೀವು ನನ್ನ ಗುರ್ತು ಹಿಡೀಲಿಲ್ಲ ಆಚಾರ್ರ. ಹ್ಯಾಂಗ ಹಿಡೀತೀರಿ, ಹನ್ನೊಂದು ವರ್ಷದಾಕಿ ಇದ್ದೆ. ವಿಜಯಾ ಅಂತ ಇವರು ಅಕ್ಕಿಯೊಳಗ ಬರದದ್ದು. ತವರಿನ ಹೆಸರು ಭಾಮಾ. ಶ್ಯಾಮರಾಯರ ಮಗಳು. ಅವತ್ತು ನಿಮ್ಮ ಕಟ್ಟಿ ಮ್ಯಾಲ ಗಂಟು ಹಿಡಕೊಂಡು ಕೂತಿದ್ದೆ.”

ಆ ದಿನ ನನ್ನ ಕಣ್ಣ ಮುಂದೆ ಬಂತು. ಪುಸ್ತಕ ಅಚ್ಚಿಗೆ ಹೋಗುವ ತಿಂಗಳು. ನನ್ನದೇ ವಯಸ್ಸಿನ, ಮಡಚಿದ ಕೊಡೆ ಹಿಡಿದ ಒಬ್ಬ ಸೌಮ್ಯ ಗೃಹಸ್ಥರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಸತ್ಯಭಾಮಾಬಾಯಿ ತಮ್ಮ ಮುತ್ತಜ್ಜಿ, ಆಕೆಯೇ ತುಂಗಾಬಾಯಿ ಎಂದು ಹೇಳಿ, ಗಂಟಿನಿಂದ ಒಂದು ಹಳೆಯ ಪತ್ರವನ್ನು ಬಿಚ್ಚಿ ನನ್ನ ಕೈಗಿತ್ತರು. ಮೊದಲ ನಾಲ್ಕು ಸಾಲು ಓದಿ ಮಡಚಿ ಕೊಟ್ಟೆ. “ಆಧಾರ ಸಾಲದು. ಅಂಥ ಪೂಜ್ಯರ ಮೇಲೆ ಎರಡನೆಯ ಮದುವೆಯ ಮಾತು ಹೊರಿಸುವುದು ಬೇಡ,” ಎಂದೆ. ಅವರು ಪತ್ರವನ್ನು ಗಂಟಿನೊಳಗಿಟ್ಟು, “ನಮ್ಮಜ್ಜಿ ತಪ್ಪು ಮಾಡಿಲ್ರೀ ಆಚಾರ್ರ, ಮದುವಿ ಮಾಡಿಕೊಂಡಾಳ,” ಎಂದರು. ನೀರು ಕೊಡಿಸಿದೆ, ಒಳಗೆ ಕರೆಯಲಿಲ್ಲ.

“ಶ್ಯಾಮರಾಯರು ಹೇಗಿದ್ದಾರೆ?” ಎಂದು ಗ್ಯಾರೇಜಿನಲ್ಲಿ ಕೇಳಿದೆ.

“ಹ್ವಾದ ಮಳಿಗಾಲದಾಗ ತೀರಿಕೊಂಡ್ರು.”

ಆಕೆಯೇ ಮಾತು ಮುಂದುವರಿಸಿದರು. “ನಿಮ್ಮ ಪುಸ್ತಕ ಎರಡನೇ ಸಲ ಅಚ್ಚಾದಾಗ ತರಿಸಿ ಆ ಹಾಳಿ ತಗದು ನೋಡಿದ್ರು. ಮೂರನೇ ಸಲಾನೂ ನೋಡಿದ್ರು. ‘ನಿಮ್ಮಜ್ಜಿ ಕಥಿ ಕಟ್ಟತೀರಿ’ ಅಂತ ನಮ್ಮ ಕಾಕಾಗೋಳು ನಗತಿದ್ರು. ಕಡೀಕ ಅಪ್ಪ ಹೇಳೂದ ಬಿಟ್ರು. ನಿಮಗ ಒಂದು ಪತ್ರ ಬರೀತೀನಿ ಅಂದ್ರ, ‘ಬ್ಯಾಡವಾ, ದೊಡ್ಡವರು, ಅವರಿಗೆ ತ್ರಾಸ ಕೊಡಬಾರದು’ ಅಂತಿದ್ರು. ಅವರು ಇರೋತನಕ ನಾ ಬರೀಲಿಲ್ಲ.”

“ಈಗ ಕರೆಸಿಕೊಂಡಿರಲ್ಲ.”

“ಕರಸೀನಿ. ಆದ್ರ ನಾ ಏನೂ ಕೇಳಂಗಿಲ್ಲ. ಶುಕ್ರವಾರ ನೀವು ಏನು ಹೇಳತೀರೋ ಅದನ್ನ ಈ ವಹಿಯೊಳಗ ಬರದು ಇಡತೀನಿ. ಅಷ್ಟ.”

ಮೆಕ್ಯಾನಿಕ್ಕು ಕಾರಿನ ಕೆಳಗಿನಿಂದ ಹೊರಬಂದು ಕೈಯೊರೆಸಿಕೊಂಡ. “ಖಲಾಸ್, ಮೇಡಂ. ಚಲೋ.” ಮನೆಗೆ ಮರಳುವಾಗ ಕಾರಿನೊಳಗೆ ತಂಪು ಚೆನ್ನಾಗಿಯೇ ಬರುತ್ತಿತ್ತು.

ಗುರುವಾರ, ಕಡಲ ದಂಡೆ

ಮರುದಿನ ಬೆಳಗ್ಗೆ ಮೈತ್ರೇಯಿ ನನ್ನನ್ನು ದಂಡೆಗೆ ಕರೆದೊಯ್ದಳು. ಅಲ್ಲಿಯ ಕಡಲು ನಮ್ಮ ಪಶ್ಚಿಮದ ಕಡಲಿನಂತೆ ಗರ್ಜಿಸುವುದಿಲ್ಲ. ಕೆರೆಯಂತೆ ಸುಮ್ಮನೆ ಬಂದು ಕಲ್ಲುಗಳನ್ನು ತೋಯಿಸಿ ಹೋಗುತ್ತದೆ. ಅರ್ಘ್ಯ ಕೊಟ್ಟು ಕಲ್ಲಿನ ಮೇಲೆ ಕುಳಿತೆ. ಸ್ವಲ್ಪ ದೂರದಲ್ಲಿ ಮುದುಕರೊಬ್ಬರು ಗಾಳ ಹಾಕಿ ಕುಳಿತಿದ್ದರು. ನನ್ನ ಪಂಚಪಾತ್ರೆಯನ್ನು ನೋಡಿ ಎದೆಯ ಮೇಲೆ ಕೈಯಿಟ್ಟು ವಂದಿಸಿದರು.

“ಅಜ್ಜಾ, ಅಮ್ಮಾ ಟೋಲ್ಡ್ ಮಿ. ವೈ ಡಿಡ್ ಯು ಹೈಡ್ ಇಟ್?” ಎಂದು ಹುಡುಗಿ ಕೇಳಿದಳು.

ಆ ಕಾಲದಲ್ಲಿ ವಿಧವೆಯ ವಿವಾಹವೆಂದರೆ ಏನಾಗಿತ್ತು, ಶಾಲೆಗೆ ಇಟ್ಟ ಪುಸ್ತಕದಲ್ಲಿ ಅದು ಹೇಗೆ ಕಾಣುತ್ತಿತ್ತು ಎಂದು ವಿಸ್ತಾರವಾಗಿ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು. “ಬಟ್ ಷಿ ಜಸ್ಟ್ ಗಾಟ್ ಮ್ಯಾರೀಡ್. ಸೋ ವಾಟ್?” ಎಂದಳು.

ಶಾಸ್ತ್ರಸಭೆಗಳಲ್ಲಿ ಎದುರಾಳಿಗಳ ಪೂರ್ವಪಕ್ಷಗಳನ್ನು ನಿವಾರಿಸಿದವನು ನಾನು. ಆ ಎರಡು ಶಬ್ದ ಕೇಳಿ ಎದುರಿಗಿದ್ದ ನೀರನ್ನು ನೋಡಿದೆ. ಇದನ್ನು ದಾಟಿದ್ದಕ್ಕೆ ನನ್ನನ್ನು ಕ್ಷಮಿಸಿಕೊಳ್ಳಲು ಒಂದು ಗಳಿಗೆ ಸಾಕಾಗಿತ್ತು. ಇಪ್ಪತ್ತಾರರ ಒಂದು ಹೆಣ್ಣು ಮತ್ತೆ ಸಂಸಾರ ಹೂಡಿದ್ದನ್ನು ಒಪ್ಪಿಕೊಳ್ಳಲು ನಲವತ್ತು ವರ್ಷ ಸಾಕಾಗಲಿಲ್ಲ. ಎರಡನೆಯ ಮುದ್ರಣದ ಕರಡನ್ನು ನಾನೇ ತಿದ್ದಿದ್ದೆ. ಮೂರನೆಯದನ್ನೂ ತಿದ್ದಿದ್ದೆ. ಎರಡು ಸಲವೂ ಆ ವಾಕ್ಯದ ಮೇಲೆ ಲೇಖನಿ ನಿಂತು ಮುಂದೆ ಹೋಗಿತ್ತು; ಒಮ್ಮೆ ‘ತೆರಳಿ’ ಎಂಬುದನ್ನು ‘ಪ್ರಯಾಣ ಬೆಳೆಸಿ’ ಎಂದು ಮಾಡಬಹುದೇ ಎಂದಷ್ಟೇ ಆಲೋಚಿಸಿದ್ದೆ. ಆ ದಿನಗಳಲ್ಲಿ ನಮ್ಮ ಊರಿನಿಂದ ಎರಡು ಗಂಟೆಯ ಬಸ್ಸಿನ ದಾರಿಯಲ್ಲಿ ಶ್ಯಾಮರಾಯರು ಬದುಕಿದ್ದರು.

ಅಂದು ಮಧ್ಯಾಹ್ನ ಊಟ ಸೇರಲಿಲ್ಲ. ವಿಜಯಾಬಾಯಿ ಒತ್ತಾಯಿಸದೆ ಮಜ್ಜಿಗೆಯ ಲೋಟವನ್ನು ಪಕ್ಕದಲ್ಲಿಟ್ಟು ಹೋದರು.

ಶುಕ್ರವಾರ

ಸಭೆ ಸೇರಿದ್ದು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ. ನಲವತ್ತು ಮಂದಿ ಹೆಣ್ಣುಮಕ್ಕಳು, ಗೋಡೆಯ ಬದಿಗೆ ಕೆಲವರ ಗಂಡಂದಿರು. ಬಾಗಿಲಲ್ಲಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಮೈತ್ರೇಯಿ ನಿಂತಿದ್ದಳು. ಬ್ಯಾರಿ ಹೆಣ್ಣುಮಕ್ಕಳಿಗೆ ಮಲ್ಲಿಗೆಯ ಮಾಲೆ. ಗಂಡನನ್ನು ಕಳೆದುಕೊಂಡ ಒಬ್ಬ ನರ್ಸು ಬಂದಾಗ ಹುಡುಗಿ ಯಾವ ವಿಚಾರವನ್ನೂ ಮಾಡದೆ ಬಟ್ಟಲನ್ನು ಮುಂದೆ ಹಿಡಿದಳು, ಆಕೆಯೂ ಹಚ್ಚಿಕೊಂಡರು. ತುಂಗಾಬಾಯಿ ಇಂಥದೊಂದು ಸಂಜೆಯನ್ನು ಕಂಡಿರಲಿಲ್ಲ.

ಮೊದಲ ಸಾಲಿನ ತುದಿಯಲ್ಲಿ ವಹಿಯನ್ನು ತೊಡೆಯ ಮೇಲಿಟ್ಟುಕೊಂಡು ವಿಜಯಾಬಾಯಿ ಕುಳಿತಿದ್ದರು. ನಾನು ಬರೆದು ತಂದಿದ್ದ ಭಾಷಣವನ್ನು ಮಡಚಿ ಮೈಕಿನ ಕೆಳಗಿಟ್ಟೆ.

ಮಂಟಪ, ಓದು, ಓಣಿಯ ದೀಪ ಎಲ್ಲವನ್ನೂ ಹೇಳಿ ಆ ವಾಕ್ಯದ ಬಳಿಗೆ ಬಂದಾಗ, ಅದನ್ನು ಓದಿದೆ. ಓದಿ, “ಇದು ಸುಳ್ಳು. ತಿಳಿದೂ ಬರೆದ ಸುಳ್ಳು,” ಎಂದೆ. ಶ್ಯಾಮರಾಯರು ನನ್ನ ಕಟ್ಟೆಗೆ ಬಂದುದನ್ನು, ನಾನು ಆಡಿದ ಮಾತನ್ನು, ಒಳಗೆ ಕರೆಯದಿದ್ದುದನ್ನು ಹೇಳಿದೆ. ಇಷ್ಟಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. ನಲವತ್ತು ವರ್ಷ ಹೊತ್ತದ್ದು ಹೇಳುವಾಗ ನಾಲ್ಕು ನಿಮಿಷದ್ದಾಗಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನಿಂದ ಒಬ್ಬರು, “ಆಗಿನ ಕಾಲ ಹಂಗ ಇತ್ತು ಬಿಡ್ರಿ ಆಚಾರ್ರ,” ಎಂದರು. ಒಳ್ಳೆಯ ಮನಸ್ಸಿನ ಮಾತು. ಅದರ ನೆರಳಿಗೆ ಹೋಗಬಹುದಿತ್ತು. “ಅವರು ಮರಳಿ ಬಂದಾಗ ಮಂಟಪಕ್ಕೆ ಬಂದು ಕುಳಿತ ಹೆಂಗಸರೂ ಆಗಿನ ಕಾಲದವರೇ. ನಾನು ಬರೆದದ್ದು ಅವರಿಗಿಂತ ಬಹಳ ಈಚೆಗೆ,” ಎಂದೆ.

ಇಸ್ಮಾಯಿಲರ ಹೆಂಡತಿ ಝುಬೈದಾ ಎದ್ದು ನಿಂತರು. “ಅಲ್ಲ ಅಜ್ಜ, ನಮ್ಮಲ್ಲಿ ಗಂಡ ಸತ್ತವಳು ಪುನಃ ಮದುವೆ ಆದ್ರೆ ಮನೆಯವರೇ ನಿಂತು ಬಿರಿಯಾನಿ ಬಡಿಸ್ತಾರೆ. ನೀವು ಯಾಕೆ ಪಾಪ ಅವರನ್ನು ಕಾಶಿಗೆ ಕಳಿಸಿದ್ದು?”

ನಗು ಎದ್ದಿತು. ನನಗೂ ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿತು. “ನನಗೆ ಪೂಜಿಸುವುದಕ್ಕೆ ಒಬ್ಬರು ಬೇಕಿದ್ದರು ತಾಯಿ. ಬದುಕಿದವರು ಬೇಕಿರಲಿಲ್ಲ,” ಎಂದೆ.

ಆಗ ವಿಜಯಾಬಾಯಿ ಎದ್ದು ಬಂದು ಒಂದು ಪುಸ್ತಕವನ್ನು ನನ್ನ ಕೈಯಲ್ಲಿಟ್ಟರು. ನನ್ನದೇ ಪುಸ್ತಕ, ಮೊದಲ ಮುದ್ರಣ, ಶ್ಯಾಮರಾಯರ ಪ್ರತಿ. ಒಳಗೆ ಅಂದು ನಾನು ಮಡಚಿ ಕೊಟ್ಟಿದ್ದ ಪತ್ರ. ಪುಣೆಯಿಂದ ಅಣ್ಣನಿಗೆ ಬರೆದದ್ದು. ನಲವತ್ತು ವರ್ಷದ ಹಿಂದೆ ನಾಲ್ಕು ಸಾಲಿಗೆ ಬಿಟ್ಟದ್ದನ್ನು ಸಭೆಯ ಮುಂದೆ ಕೊನೆಯವರೆಗೆ ಓದಿದೆ. ಮದುವೆಯ ಸುದ್ದಿ, ಹೊಸ ಹೆಸರು ಇನ್ನೂ ನಾಲಿಗೆಗೆ ಹೊಂದಿಲ್ಲವೆಂಬುದು, ಅತ್ತಿಗೆಯ ಆರೋಗ್ಯದ ವಿಚಾರಣೆ. ಕೊನೆಯ ಸಾಲು ಹೀಗಿತ್ತು: ‘ಹೊಳೆಯ ಓಣಿಯ ದೀಪವನ್ನು ಈಗಲೂ ಹಚ್ಚುತ್ತಾರೇನು, ಎಣ್ಣೆ ತಪ್ಪಿಸುತ್ತಿದ್ದರೆ ಹಣಮವ್ವನಿಗೆ ಹೇಳಿ ಕಳಿಸು, ಆಕೆ ಜಗಳಾಡಿ ಹಚ್ಚಿಸುತ್ತಾಳೆ.’ ಅದರ ಕೆಳಗೆ, ‘ನಿನ್ನ ತುಂಗಿ, ಈಗಿನ ಸತ್ಯಭಾಮೆ.’

ನಾನು ಆಧಾರ ಸಾಲದೆಂದ ಪತ್ರವದು.

ಪುಸ್ತಕದ ಆ ಪುಟವನ್ನು ತೆರೆದೆ. ಶ್ಯಾಮರಾಯರು ವಾಕ್ಯವನ್ನು ಹೊಡೆದುಹಾಕಿರಲಿಲ್ಲ, ಅಡಿಗೆರೆಯನ್ನೂ ಎಳೆದಿರಲಿಲ್ಲ. ಅಂಚಿನಲ್ಲಿ ಸೀಸದ ಕಡ್ಡಿಯಿಂದ ನಾಲ್ಕು ಚುಕ್ಕಿ ಇಟ್ಟು, ಎಳೆ ಸುತ್ತಿ, ಅದರ ಕೆಳಗೆ ಎರಡು ಸಾಲಿನ ಜಾಗವನ್ನು ಸೀಸದ ಗೆರೆಯಲ್ಲಿ ಚೌಕ ಹಾಕಿ ಖಾಲಿ ಬಿಟ್ಟಿದ್ದರು. ಅದು ಯಾರಿಗಾಗಿ ಬಿಟ್ಟ ಜಾಗವೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಇಸ್ಮಾಯಿಲ್ ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಸಾವಿರಾರು ಲಿಪಿಕಾರರ ತಪ್ಪುಗಳನ್ನು ತಿದ್ದಿದ ಕೈಯಿಂದಲೇ ನನ್ನ ವಾಕ್ಯವನ್ನು ಹೊಡೆದು, ಚೌಕದಲ್ಲಿ ಬರೆದೆ: ‘ತುಂಗಾಬಾಯಿಯವರು ಪುಣೆಯಲ್ಲಿ ವಿವಾಹವಾಗಿ, ಸತ್ಯಭಾಮಾಬಾಯಿಯೆಂಬ ಹೆಸರಿನಿಂದ ಮರಳಿ ಬಂದು ಸಮಾಜವನ್ನು ನಡೆಸಿದರು.’ ಎರಡು ಸಾಲಿಗೆ ಸರಿಯಾಗಿ ಹಿಡಿಯಿತು. ಅವರು ಅಳೆದೇ ಬಿಟ್ಟಿದ್ದರೇನೋ.

ವಿಜಯಾಬಾಯಿ ಅದನ್ನು ಓದಿದರು. ಕ್ಷಮಿಸಿದೆನೆಂದು ಹೇಳಲಿಲ್ಲ, ಅದು ಅವರು ಹೇಳುವ ಮಾತೂ ಅಲ್ಲ, ಹೇಳಬೇಕಾದವರು ಇರಲಿಲ್ಲ. ವಹಿಯಲ್ಲಿ ಆ ಎರಡು ಸಾಲನ್ನು ಇಳಿಸಿಕೊಂಡು ನನ್ನ ಸಹಿ ಮಾಡಿಸಿದರು. ಆಮೇಲೆ, “ಮ್ಯಾಲ ಮನಿಗೆ ಬರ್ರಿ, ಆಚಾರ್ರ. ಒಳಗ ಕೂತು ಹಾಲು ಕುಡೀರಿ,” ಎಂದರು.

‘ಒಳಗ’ ಎಂಬುದನ್ನು ಆಕೆ ಒತ್ತಿ ಹೇಳಲಿಲ್ಲ. ನಾನು ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲಬೇಕಾಯಿತು.

ಆ ಮನೆಯವರಿಗೆ ಒಳಿತಾಗಲಿ. ನದಿಯಿಲ್ಲದ ನಾಡಿನಲ್ಲಿ ನೀರು ಮಾಡುವ ಪ್ರಹ್ಲಾದರಾಯರ ಕೈಗಳಿಗೆ, ಕೇಳಬೇಕಾದುದನ್ನು ಕೇಳಿದ ಮೈತ್ರೇಯಿ ಮತ್ತು ಝುಬೈದಾರ ನಾಲಿಗೆಗೆ, ನನಗೆ ಪೂರ್ವವನ್ನು ತೋರಿಸಿದ ಇಸ್ಮಾಯಿಲರ ಅಂಗೈಗೆ, ಗ್ಯಾರೇಜಿನಲ್ಲಿ ಫ್ಯಾನನ್ನು ನನ್ನತ್ತ ತಿರುಗಿಸಿದ ಆ ಹೆಸರರಿಯದ ಮನುಷ್ಯನಿಗೆ ಭಗವಂತನು ಆಯುಸ್ಸನ್ನೂ ಆರೋಗ್ಯವನ್ನೂ ಕೊಡಲಿ. ಶುಕ್ರವಾರದ ಆ ವಹಿಗೆ ಪುಟಗಳು ತೀರದಿರಲಿ. ಜಗಳಾಡಿ ದೀಪ ಹಚ್ಚಿಸಿದ ಹಣಮವ್ವನಿಗೆ, ಅದೇ ಓಣಿಗೆ ಮರಳಿ ಬರುವ ಧೈರ್ಯ ಮಾಡಿದ ತಾಯಿಗೆ, ಬಂದು ಪಕ್ಕದಲ್ಲಿ ಕುಳಿತವರಿಗೆ ಸದ್ಗತಿಯಿರಲಿ. ಮತ್ತು ಕೊಡೆ ಮಡಚಿಕೊಂಡು ನನ್ನ ಕಟ್ಟೆಯಿಂದ ಇಳಿದು ಹೋದ ಶ್ಯಾಮರಾಯರು ಎಲ್ಲಿಯೇ ಇರಲಿ, ಅಲ್ಲಿ ಅವರನ್ನು ಯಾರಾದರೂ ಒಳಗೆ ಕರೆದು ಕೂರಿಸಿರಲಿ.